ಮಾರಿದ ಮನೆಯ ಲಾಭ: ಒಂದು ತೆರಿಗೆಯ ಇತಿಹಾಸ



ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು ಎಂದು ನಿಮ್ಮಲ್ಲಿ ಹಲವರು ಭಾವಿಸಿರಬಹುದು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಜೋಪಾನವಾಗಿಟ್ಟಿರುವ ಕ್ರಯಪತ್ರವೂ ಇತಿಹಾಸದ ಒಂದು ಆಧಾರವೇ. ಯಾರು ಯಾರಿಗೆ, ಯಾವ ದಿನ, ಎಷ್ಟು ಹಣಕ್ಕೆ, ಯಾವ ಚೆಕ್ಕುಬಂದಿಯ ಆಸ್ತಿಯನ್ನು ಮಾರಿದರು ಎಂಬುದು ಅದರಲ್ಲಿದೆ. ಮುಂದೊಂದು ದಿನ ಅದೇ ಆಸ್ತಿಯನ್ನು ಮಾರುವಾಗ ಇನ್ನೊಂದು ಕ್ರಯಪತ್ರ ಹುಟ್ಟುತ್ತದೆ. ಈ ಎರಡು ಪತ್ರಗಳಲ್ಲಿರುವ ಬೆಲೆಗಳ ನಡುವಿನ ಅಂತರದ ಮೇಲೆ ಬೀಳುವ ತೆರಿಗೆಯೇ ಬಂಡವಾಳ ಲಾಭ ತೆರಿಗೆ. ಈ ತೆರಿಗೆ ನಮ್ಮ ದೇಶಕ್ಕೆ ಹೇಗೆ ಬಂತು, ಒಮ್ಮೆ ಹೋಗಿ ಮತ್ತೆ ಏಕೆ ಬಂತು, ಹಳ್ಳಿಯ ಹೊಲವನ್ನು ಬಿಟ್ಟು ಮನೆಯನ್ನು ಏಕೆ ಹಿಡಿಯಿತು ಎಂಬುದನ್ನು ಇಲ್ಲಿ ನೋಡೋಣ.

ಮಾತು ಗಾಳಿಯಲ್ಲಿ ತೇಲಬಾರದು ಎಂಬ ಕಾರಣಕ್ಕೆ ಒಂದು ಊರನ್ನು ಮುಂದಿಟ್ಟುಕೊಳ್ಳೋಣ. ಅದು ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದ. ದುದ್ದಕ್ಕೂ ದುಡ್ಡಿಗೂ ಉಚ್ಚಾರದಲ್ಲಿ ಒಂದೇ ಅಕ್ಷರದ ವ್ಯತ್ಯಾಸವೆಂದು ನೀವು ನಗಬಹುದು. ನಮ್ಮ ವಿಷಯಕ್ಕೆ ಆ ಹೆಸರು ಹೊಂದಿಕೊಳ್ಳುವುದಂತೂ ನಿಜ. ಆ ಊರಿನ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಊರಿನಲ್ಲಿ ವಾಸದ ಮನೆ, ರಾಗಿ ಮತ್ತು ಆಲೂಗೆಡ್ಡೆ ಬೆಳೆಯುವ ಖುಷ್ಕಿ ಜಮೀನು, ಜೊತೆಗೆ ಮಕ್ಕಳ ಓದಿಗೆಂದು ಹಾಸನದಲ್ಲಿ ಕೊಂಡ ಒಂದು ಸಣ್ಣ ಮನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತ ಇಂತಹ ಕುಟುಂಬಗಳು ಅಪರೂಪವಲ್ಲ. ಇವರಿಗೆ ಎರಡನೆಯ ಮನೆ ಎಂಬುದು ಶ್ರೀಮಂತಿಕೆಯ ಗುರುತಲ್ಲ. ಕಾಲೇಜು ಪೇಟೆಯಲ್ಲಿದೆ, ಮನೆ ಹಳ್ಳಿಯಲ್ಲಿದೆ ಎಂಬ ಕಷ್ಟಕ್ಕೆ ಅವರು ಕಂಡುಕೊಂಡ ದಾರಿ. ಮಕ್ಕಳ ಓದು ಮುಗಿಯಿತು. ಈಗ ಮಗಳ ಮುಂದಿನ ವ್ಯಾಸಂಗಕ್ಕೋ, ಯಾರದೋ ಚಿಕಿತ್ಸೆಗೋ ಹಣ ಬೇಕು. ಆ ಮನೆಯನ್ನು ಮಾರುತ್ತಾರೆ. ಬಂದ ಹಣದಲ್ಲಿ ಸರ್ಕಾರಕ್ಕೆ ಪಾಲು ಉಂಟೆ? ಉಂಟಾದರೆ ಎಷ್ಟು? ಈ ಪ್ರಶ್ನೆಗೆ ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಳೆಯ ಮೇಲಿನ ತೆರಿಗೆ

ಭೂಮಿಯ ಮೇಲಿನ ತೆರಿಗೆ ಬಹಳ ಹಳೆಯದು. ಹಾಸನದಿಂದ ಈಶಾನ್ಯಕ್ಕೆ ಸುಮಾರು 10 ಕಿಲೋಮೀಟರ್ ದೂರದ ಕೋರವಂಗಲದಲ್ಲಿ 1173ರಲ್ಲಿ ಕಟ್ಟಿದ ಬೂಚೇಶ್ವರ ದೇವಾಲಯವಿದೆ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲದ ಈ ಗುಡಿಯನ್ನು ಕಟ್ಟಿಸಿದವನು ಬೂಚಿ ಎಂಬ ಅಧಿಕಾರಿ. ಆ ಯುಗದ ದಾನಶಾಸನಗಳನ್ನು ಓದಿದರೆ ಗದ್ದೆ, ಬೆದ್ದಲು, ಅವುಗಳ ಎಲ್ಲೆ, ಅವುಗಳಿಂದ ಸಲ್ಲಬೇಕಾದ ತೆರಿಗೆ, ಆ ತೆರಿಗೆಯಿಂದ ವಿನಾಯಿತಿ ಇವೆಲ್ಲ ಕಾಣುತ್ತವೆ. ಮುಂದೆ ಮೈಸೂರು ಸಂಸ್ಥಾನದಲ್ಲಿ 1863ರಿಂದ ಕಂದಾಯದ ಸರ್ವೆ ಆರಂಭವಾದಾಗಲೂ ನೆಲದ ಗುಣ, ನೀರಿನ ಆಸರೆ ನೋಡಿ ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಕಂದಾಯ ಕಟ್ಟಿದರು.

ಇವುಗಳ ಹಿಂದಿರುವ ತತ್ತ್ವ ಒಂದೇ: ಭೂಮಿ ವರ್ಷವರ್ಷವೂ ಏನು ಕೊಡುತ್ತದೆಯೋ ಅದರಲ್ಲಿ ರಾಜ್ಯಕ್ಕೆ ಪಾಲು. ಭೂಮಿಯ ಬೆಲೆ ಏರಿದೆ ಎಂಬುದಕ್ಕಾಗಿ ತೆರಿಗೆ ಕೇಳುವುದು ಬೇರೆಯೇ ಒಂದು ಆಲೋಚನೆ.

ವರಮಾನ ತೆರಿಗೆಯೂ ಮೊದಲು ಇದೇ ಹಾದಿಯಲ್ಲಿತ್ತು. 1857ರ ದಂಗೆಯ ನಂತರ ಬೊಕ್ಕಸ ಬರಿದಾದಾಗ ಜೇಮ್ಸ್ ವಿಲ್ಸನ್ 1860ರಲ್ಲಿ ಬ್ರಿಟಿಷ್ ಭಾರತದಲ್ಲಿ ಮೊದಲ ಬಾರಿಗೆ ವರಮಾನ ತೆರಿಗೆ ತಂದ. 1886, 1918 ಮತ್ತು 1922ರಲ್ಲಿ ಹೊಸ ಕಾಯ್ದೆಗಳಾದವು. ಮೈಸೂರು ಸಂಸ್ಥಾನಕ್ಕೆ ತನ್ನದೇ ವರಮಾನ ತೆರಿಗೆ ಕಾಯ್ದೆಯಿತ್ತು. ಸಂಬಳ, ಬಾಡಿಗೆ, ವ್ಯಾಪಾರದ ಲಾಭ, ಬಡ್ಡಿ ಇವು ವರಮಾನ. ಒಂದು ತೆಂಗಿನ ತೋಟವನ್ನು ನೆನೆಯಿರಿ. ಕಾಯಿ ಕಿತ್ತು ಮಾರಿದರೆ ಬರುವುದು ವರಮಾನ. ತೋಟವನ್ನೇ ಮಾರಿಬಿಟ್ಟರೆ? ಅದು ಒಂದು ರೂಪದಲ್ಲಿದ್ದ ಬಂಡವಾಳ ಇನ್ನೊಂದು ರೂಪಕ್ಕೆ ಬಂದಂತೆ, ಅದರಲ್ಲಿ ವರಮಾನವೇನಿಲ್ಲ ಎಂಬುದು ಬಹುಕಾಲದ ನಂಬಿಕೆಯಾಗಿತ್ತು.

1947: ಬಂದು ಹೋದ ತೆರಿಗೆ

ಈ ನಂಬಿಕೆಯನ್ನು ಅಲುಗಾಡಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧದ ವರ್ಷಗಳಲ್ಲಿ ಬೆಲೆಗಳು ಗಗನಕ್ಕೇರಿದವು. ಆಸ್ತಿ, ಷೇರು ಕೈಬದಲಾಯಿಸಿದವರು ಅಪಾರ ಲಾಭ ಗಳಿಸಿದರು; ದಿನಗೂಲಿಯವರು ಪಡಿತರದ ಅಕ್ಕಿಗೆ ಸಾಲಿನಲ್ಲಿ ನಿಂತರು. 1947ರ ಫೆಬ್ರವರಿ 28ರಂದು ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯರಾಗಿದ್ದ ಲಿಯಾಕತ್ ಅಲಿ ಖಾನ್ ಮಂಡಿಸಿದ ಆಯವ್ಯಯದಲ್ಲಿ ಬಂಡವಾಳ ಲಾಭದ ಮೇಲೂ ತೆರಿಗೆ ಇರಬೇಕೆಂಬ ಪ್ರಸ್ತಾಪ ಬಂತು. 1922ರ ಕಾಯ್ದೆಗೆ 12-ಬಿ ಎಂಬ ಹೊಸ ಕಲಮು ಸೇರಿತು. ಉದ್ಯಮಿಗಳಿಂದ ದೊಡ್ಡ ವಿರೋಧ ವ್ಯಕ್ತವಾಯಿತು.

ಸ್ವಾತಂತ್ರ್ಯ ಬಂತು, ದೇಶ ವಿಭಜನೆಯಾಯಿತು. ಬಂಡವಾಳ ಹೂಡುವವರು ಹಿಂಜರಿಯುತ್ತಿದ್ದಾರೆ ಎಂಬ ಆತಂಕದ ನಡುವೆ 1949ರಲ್ಲಿ, ಜಾನ್ ಮಥಾಯಿ ಹಣಕಾಸು ಮಂತ್ರಿಯಾಗಿದ್ದಾಗ, ಈ ತೆರಿಗೆಯನ್ನು ಕೈಬಿಡಲಾಯಿತು. 1948ರ ಏಪ್ರಿಲ್ 1ರ ನಂತರದ ಲಾಭಗಳಿಗೆ ಅದು ಅನ್ವಯಿಸಲಿಲ್ಲ. ಹೀಗೆ ಅದು ಬದುಕಿದ್ದು ಎರಡೇ ವರ್ಷಗಳ ಲಾಭಗಳ ಮಟ್ಟಿಗೆ.

ಆದರೆ ಆ ಎರಡು ವರ್ಷಗಳ ಲೆಕ್ಕ ನ್ಯಾಯಾಲಯದ ಮೆಟ್ಟಿಲೇರಿತ್ತು. ಬೆಲೆ ಏರಿದ್ದರಿಂದ ಬಂದ ಲಾಭವನ್ನು ವರಮಾನ ಎಂದು ಕರೆಯಲು ಶಾಸನಸಭೆಗೆ ಅಧಿಕಾರವಿದೆಯೇ ಎಂಬುದೇ ಪ್ರಶ್ನೆ. 1954ರಲ್ಲಿ ನವೀನಚಂದ್ರ ಮಫತ್‌ಲಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವರಮಾನ ಎಂಬ ಪದವನ್ನು ವಿಶಾಲವಾದ ಅರ್ಥದಲ್ಲಿ ತೆಗೆದುಕೊಳ್ಳಬೇಕು, ಬಂಡವಾಳ ಲಾಭವೂ ಅದರೊಳಗೆ ಬರುತ್ತದೆ ಎಂದು ತೀರ್ಪಿತ್ತಿತು. ಸತ್ತುಹೋಗಿದ್ದ ತೆರಿಗೆಗೆ ಜೀವ ಬರಲು ಬೇಕಾದ ಕಾನೂನಿನ ಬಲ ಆಗ ಸಿಕ್ಕಿತು.

1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡಾರ್ ಭಾರತ ಸರ್ಕಾರದ ಕೋರಿಕೆಯಂತೆ ನಮ್ಮ ತೆರಿಗೆ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟರು. ದುಡಿದು ತಂದ ಸಂಬಳಕ್ಕೆ ತೆರಿಗೆ ಹಾಕಿ, ಕೂತಲ್ಲೇ ಬೆಳೆದ ಆಸ್ತಿಯ ಲಾಭವನ್ನು ಬಿಟ್ಟುಬಿಟ್ಟರೆ ತೆರಿಗೆಯಲ್ಲಿ ನ್ಯಾಯ ಉಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಟಿ. ಟಿ. ಕೃಷ್ಣಮಾಚಾರಿ ಹಣಕಾಸು ಮಂತ್ರಿಯಾಗಿದ್ದ ಆ ವರ್ಷವೇ ಕಾಯ್ದೆ ತಿದ್ದುಪಡಿಯಾಗಿ 1957ರ ಏಪ್ರಿಲ್ 1ರಿಂದ ಬಂಡವಾಳ ಲಾಭ ತೆರಿಗೆ ಮತ್ತೆ ಜಾರಿಗೆ ಬಂತು. ಅಷ್ಟರೊಳಗೆ, 1950ರಲ್ಲಿ, ಕೇಂದ್ರದ ವರಮಾನ ತೆರಿಗೆ ಹಳೆಯ ಮೈಸೂರು ಸಂಸ್ಥಾನಕ್ಕೂ ವಿಸ್ತರಿಸಿತ್ತು. ಆದ್ದರಿಂದ ಈ ಬಾರಿ ಬಂದ ತೆರಿಗೆ ಹಾಸನಕ್ಕೂ ದುದ್ದಕ್ಕೂ ಬಂತು. 1961ರ ವರಮಾನ ತೆರಿಗೆ ಕಾಯ್ದೆಯಲ್ಲಿ ಅದು 45ನೆಯ ಕಲಮಾಗಿ ನೆಲೆಯೂರಿತು.

ಹಳ್ಳಿಯ ಹೊಲ, ಪೇಟೆಯ ಹೊಲ

ಈಗ ನಮ್ಮ ಕಲ್ಪನೆಯ ಕುಟುಂಬದ ಜಮೀನಿನತ್ತ ನೋಡೋಣ. ಸಂವಿಧಾನದ ಪ್ರಕಾರ ಕೃಷಿ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದು. ಆರಂಭದಲ್ಲಿ ಭಾರತದಲ್ಲಿರುವ ಯಾವ ಕೃಷಿ ಜಮೀನನ್ನೂ ಬಂಡವಾಳ ಆಸ್ತಿ ಎಂದು ಕೇಂದ್ರದ ಕಾಯ್ದೆ ಪರಿಗಣಿಸಲಿಲ್ಲ. ಆದರೆ ನಗರಗಳು ಬೆಳೆದವು. ನಗರದ ಅಂಚಿನ ಹೊಲಗಳಲ್ಲಿ ಬೆಳೆಗಿಂತ ಬೇಗ ಬೆಲೆ ಬೆಳೆಯಿತು.

1970ರಲ್ಲಿ, ಹಣಕಾಸು ಖಾತೆಯನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ವಹಿಸಿಕೊಂಡಿದ್ದ ವರ್ಷ, ಕಾಯ್ದೆಗೆ ತಿದ್ದುಪಡಿ ಬಂತು. 10,000ಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಪುರಸಭೆಯ ಎಲ್ಲೆಯೊಳಗಿನ ಕೃಷಿ ಜಮೀನು, ಹಾಗೂ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಆ ಎಲ್ಲೆಯಿಂದ 8 ಕಿಲೋಮೀಟರ್ ವರೆಗಿನ ಜಮೀನು ತೆರಿಗೆಯ ವ್ಯಾಪ್ತಿಗೆ ಸೇರಿದವು. ಕೃಷಿ ಭೂಮಿಯ ಮಾರಾಟದ ಲಾಭವೂ ಕೃಷಿ ವರಮಾನವೇ, ಕೇಂದ್ರಕ್ಕೆ ಇದರಲ್ಲಿ ಕೈಹಾಕುವ ಹಕ್ಕಿಲ್ಲ ಎಂದು 1981ರಲ್ಲಿ ಬಾಂಬೆ ಹೈಕೋರ್ಟು ಹೇಳಿತು. 1989ರಲ್ಲಿ ಸಂಸತ್ತು ಕಾಯ್ದೆಗೆ ಒಂದು ವಿವರಣೆ ಸೇರಿಸಿ, ಅದನ್ನು 1970ರಿಂದಲೇ ಅನ್ವಯಿಸುವಂತೆ ಮಾಡಿ ಆ ವಾದವನ್ನು ಮುಚ್ಚಿತು.

ಎಂಟು ಕಿಲೋಮೀಟರನ್ನು ರಸ್ತೆಯಲ್ಲಿ ಅಳೆಯಬೇಕೋ, ಕಾಗೆ ಹಾರುವ ನೇರದಲ್ಲಿ ಅಳೆಯಬೇಕೋ ಎಂಬ ತಕರಾರೂ ಹುಟ್ಟಿಕೊಂಡಿತು. ಹಳ್ಳಿಯ ರಸ್ತೆಗಳ ಸುತ್ತುಬಳಸು ಬಲ್ಲವರಿಗೆ ಇದರ ಮಹತ್ವ ಗೊತ್ತು. 2013ರ ತಿದ್ದುಪಡಿ ಇದನ್ನು ಇತ್ಯರ್ಥಗೊಳಿಸಿತು. ಅಳತೆ ನೇರ ದೂರದಲ್ಲೇ ಆಗಬೇಕು. ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು 1 ಲಕ್ಷ ಮೀರದ ಪಟ್ಟಣವಾದರೆ ಎಲ್ಲೆಯಿಂದ 2 ಕಿಲೋಮೀಟರ್; 1 ಲಕ್ಷ ಮೀರಿ 10 ಲಕ್ಷದ ವರೆಗಿದ್ದರೆ 6 ಕಿಲೋಮೀಟರ್; 10 ಲಕ್ಷ ಮೀರಿದ್ದರೆ 8 ಕಿಲೋಮೀಟರ್. 2011ರ ಜನಗಣತಿಯಂತೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಮೊದಲ ಅಳತೆ, ಹಾಸನಕ್ಕೆ ಎರಡನೆಯ ಅಳತೆ ಅನ್ವಯಿಸುತ್ತದೆ.

ಇಲ್ಲಿ ನೀವು ಎರಡು ಸಂಗತಿಗಳನ್ನು ಗಮನಿಸಬೇಕು. ಹೊಲ ಇದ್ದಲ್ಲೇ ಇರುತ್ತದೆ, ಆದರೆ ನಗರದ ಎಲ್ಲೆ ಹೊರಹೊರಕ್ಕೆ ಸರಿಯುತ್ತದೆ. ಅಪ್ಪ ಮಾರಿದಾಗ ತೆರಿಗೆಯಿಲ್ಲದ ಹೊಲದ ಪಕ್ಕದ ಹೊಲವನ್ನು ಮಗ ಮಾರುವಾಗ ತೆರಿಗೆ ಬರಬಹುದು. ಎರಡನೆಯದು, ವಿನಾಯಿತಿ ಇರುವುದು ಕೃಷಿ ಜಮೀನಿಗೆ ಮಾತ್ರ. ಹಳ್ಳಿಯಲ್ಲಿದೆ ಎಂಬ ಕಾರಣಕ್ಕೆ ಮನೆಗಾಗಲಿ, ಭೂಪರಿವರ್ತನೆ ಮಾಡಿಸಿ ನಿವೇಶನಗಳಾಗಿ ಹಂಚಿದ ನೆಲಕ್ಕಾಗಲಿ ಆ ವಿನಾಯಿತಿ ಸಿಗುವುದಿಲ್ಲ. ದುದ್ದದ ರಾಗಿ ಹೊಲಕ್ಕೆ ಒಂದು ನ್ಯಾಯ, ದುದ್ದದ ಮನೆಗೆ ಇನ್ನೊಂದು.

ಬರೆದ ಬೆಲೆ, ನಿಜದ ಬೆಲೆ

ಲಾಭ ಎಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆಯನ್ನು ಕಳೆದದ್ದು. ಹಾಗಾದರೆ ಮಾರಿದ ಬೆಲೆ ಯಾವುದು? ಪತ್ರದಲ್ಲಿ ಬರೆದದ್ದೋ, ಕೈಗೆ ಬಂದದ್ದೋ? ಮುದ್ರಾಂಕ ಶುಲ್ಕ ಮತ್ತು ತೆರಿಗೆ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸಿ, ಉಳಿದದ್ದನ್ನು ನಗದಾಗಿ ಪಡೆಯುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಇದೆ. ಈ ರೂಢಿಯ ಬೆನ್ನು ಹತ್ತಿದ್ದೇ ಈ ತೆರಿಗೆಯ ಅರ್ಧ ಇತಿಹಾಸ.

1964ರಲ್ಲಿ ಒಂದು ನಿಯಮ ಬಂತು: ಆಸ್ತಿಯ ಮಾರುಕಟ್ಟೆ ಬೆಲೆ ಪತ್ರದ ಬೆಲೆಗಿಂತ ಬಹಳ ಹೆಚ್ಚಿದ್ದರೆ ಅಧಿಕಾರಿ ಮಾರುಕಟ್ಟೆ ಬೆಲೆಯನ್ನೇ ಹಿಡಿಯಬಹುದು. ಕೇರಳದ ಎರ್ನಾಕುಲಂನಲ್ಲಿ ಒಬ್ಬರು 1958ರಲ್ಲಿ 16,500 ರೂಪಾಯಿಗೆ ಕೊಂಡ ಮನೆಯನ್ನು 1965ರಲ್ಲಿ ಅದೇ 16,500 ರೂಪಾಯಿಗೆ ಸೊಸೆಗೂ ಮಕ್ಕಳಿಗೂ ಮಾರಿದರು. ಅಧಿಕಾರಿ ಅದರ ಬೆಲೆ 65,000 ರೂಪಾಯಿ ಎಂದು ಲೆಕ್ಕ ಹಾಕಿದರು. ಕೆ. ಪಿ. ವರ್ಗೀಸ್ ಮೊಕದ್ದಮೆ ಎಂದು ಹೆಸರಾದ ಈ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು, ಕೈಗೆ ಬಾರದ ಲಾಭಕ್ಕೆ ತೆರಿಗೆ ಹಾಕಲಾಗದು, ಬೆಲೆ ಮುಚ್ಚಿಟ್ಟಿದ್ದಾರೆ ಎಂಬುದನ್ನು ಇಲಾಖೆಯೇ ತೋರಿಸಬೇಕು ಎಂದು ಹೇಳಿತು.

ಸರ್ಕಾರ ಬೇರೆ ದಾರಿ ಹಿಡಿಯಿತು. 1986ರಲ್ಲಿ ಬಂದ ವ್ಯವಸ್ಥೆಯಂತೆ, ಮಹಾನಗರಗಳ ದೊಡ್ಡ ಆಸ್ತಿಗಳನ್ನು ಕಡಿಮೆ ಬೆಲೆ ತೋರಿಸಿ ಮಾರಲು ಹೊರಟರೆ, ಆ ತೋರಿಸಿದ ಬೆಲೆಗೇ ಕೇಂದ್ರ ಸರ್ಕಾರ ಆಸ್ತಿಯನ್ನು ಕೊಂಡುಬಿಡಬಹುದಿತ್ತು. ಮಾರುವವರ ಮತ್ತು ಕೊಳ್ಳುವವರ ಮಾತು ಕೇಳದೆ ಹೀಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1992ರಲ್ಲಿ ಸ್ಪಷ್ಟಪಡಿಸಿತು. 2002ರಲ್ಲಿ ಈ ವ್ಯವಸ್ಥೆ ಕೊನೆಗೊಂಡಿತು.

ಅದೇ ವರ್ಷದ ಹಣಕಾಸು ಕಾಯ್ದೆ 50-ಸಿ ಕಲಮನ್ನು ತಂದಿತು. ನೋಂದಣಿಗೆ ರಾಜ್ಯ ಸರ್ಕಾರ ನಿಗದಿಪಡಿಸುವ ಮಾರ್ಗಸೂಚಿ ಬೆಲೆ ಪತ್ರದ ಬೆಲೆಗಿಂತ ಹೆಚ್ಚಿದ್ದರೆ, ತೆರಿಗೆಯ ಲೆಕ್ಕಕ್ಕೆ ಮಾರ್ಗಸೂಚಿ ಬೆಲೆಯೇ ಮಾರಾಟದ ಬೆಲೆ. ವ್ಯತ್ಯಾಸ ಸಣ್ಣದಿದ್ದರೆ ಮಾಫಿ; ಈ ಮಿತಿ 2018ರ ತಿದ್ದುಪಡಿಯಲ್ಲಿ ಶೇ. 5, 2020ರ ತಿದ್ದುಪಡಿಯಲ್ಲಿ ಶೇ. 10 ಆಯಿತು. ಮಾರ್ಗಸೂಚಿ ಬೆಲೆ ವಾಸ್ತವಕ್ಕಿಂತ ಹೆಚ್ಚಾಗಿದೆ ಎನ್ನುವವರು ಮೌಲ್ಯಮಾಪನ ಅಧಿಕಾರಿಯ ಬಳಿ ಆಸ್ತಿಯನ್ನು ಪರಿಶೀಲಿಸಲು ಕೋರಬಹುದು.

ಕೊಂಡ ಬೆಲೆಯ ಪ್ರಶ್ನೆ

ಕೊಂಡ ಬೆಲೆಯೂ ಸುಲಭದ ಮಾತಲ್ಲ. ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ್ದು ಬೆಂಗಳೂರಿನ ಒಂದು ಅಗರಬತ್ತಿ ವ್ಯಾಪಾರದ ಸಂಸ್ಥೆ. ಬಿ. ಸಿ. ಶ್ರೀನಿವಾಸ ಸೆಟ್ಟಿ ಎಂಬ ಪಾಲುದಾರಿಕೆಯ ಸಂಸ್ಥೆ ವಿಸರ್ಜನೆಯಾದಾಗ ಅದರ ವ್ಯಾಪಾರದ ಹೆಸರಿಗೆ, ಅಂದರೆ ಗುಡ್‌ವಿಲ್‌ಗೆ, 1,50,000 ರೂಪಾಯಿ ಬೆಲೆ ಕಟ್ಟಲಾಯಿತು. ಇದು ಬಂಡವಾಳ ಲಾಭ ಎಂದು ಇಲಾಖೆ ಹೇಳಿತು. ವ್ಯಾಪಾರದ ಒಳ್ಳೆಯ ಹೆಸರು ದಿನದಿನವೂ ತಾನಾಗಿ ಬೆಳೆದದ್ದು. ಅದನ್ನು ಯಾರೂ ಬೆಲೆ ಕೊಟ್ಟು ಕೊಂಡಿರಲಿಲ್ಲ. ಕೊಂಡ ಬೆಲೆಯೇ ಇಲ್ಲದ ಕಡೆ ಕಳೆಯುವುದು ಏನನ್ನು? ಲೆಕ್ಕ ಹಾಕಲಾಗದ ಕಡೆ ತೆರಿಗೆಯೂ ಇಲ್ಲ ಎಂದು 1981ರಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. 1987ರಲ್ಲಿ ಸಂಸತ್ತು ಇಂತಹ ಗುಡ್‌ವಿಲ್‌ನ ಕೊಂಡ ಬೆಲೆ ಸೊನ್ನೆ ಎಂದು ಬರೆದು ಆ ಕಿಂಡಿಯನ್ನು ಮುಚ್ಚಿತು.

ಮನೆಗೆ ಈ ತೊಡಕಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಾದರೆ, ಹಿಂದೆ ಅದನ್ನು ಕೊಂಡವರು ಕೊಟ್ಟ ಬೆಲೆಯೇ ವಾರಸುದಾರರಿಗೂ ಕೊಂಡ ಬೆಲೆ. ತೀರ ಹಳೆಯ ಆಸ್ತಿಗಳಿಗೆ ಕಾಯ್ದೆ ಒಂದು ದಿನವನ್ನು ಗೊತ್ತುಮಾಡುತ್ತದೆ. ಬಹುಕಾಲ ಅದು 1981ರ ಏಪ್ರಿಲ್ 1 ಆಗಿತ್ತು. 2017ರ ತಿದ್ದುಪಡಿಯಿಂದ 2001ರ ಏಪ್ರಿಲ್ 1 ಆಯಿತು. ಅದಕ್ಕೂ ಹಿಂದೆ ಪಡೆದ ಆಸ್ತಿಗೆ ಆ ದಿನದ ನ್ಯಾಯವಾದ ಬೆಲೆಯನ್ನು ಕೊಂಡ ಬೆಲೆಯೆಂದು ತೆಗೆದುಕೊಳ್ಳಬಹುದು.

ಇನ್ನೊಂದು ತಕರಾರು ರೂಪಾಯಿಯ ಬೆಲೆಯದು. ಇಪ್ಪತ್ತು ವರ್ಷದ ಹಿಂದಿನ ನೂರು ರೂಪಾಯಿಗೂ ಇಂದಿನ ನೂರು ರೂಪಾಯಿಗೂ ಸಂತೆಯಲ್ಲಿ ಒಂದೇ ಬೆಲೆಯಿಲ್ಲ. ಹಣದುಬ್ಬರದಿಂದ ಏರಿದ್ದನ್ನೂ ಲಾಭವೆಂದು ಕರೆದರೆ ಅನ್ಯಾಯ. ಚೆಲ್ಲಯ್ಯ ಸಮಿತಿಯ ಸಲಹೆಯಂತೆ 1992ರಲ್ಲಿ ಹಣದುಬ್ಬರದ ಸೂಚ್ಯಂಕ ಬಂತು. ಈಗಿನ ಸರಣಿಯಲ್ಲಿ 2001-02ರ ಸೂಚ್ಯಂಕ 100, 2024-25ರದು 363. ಕೊಂಡ ಬೆಲೆಯನ್ನು ಈ ಪ್ರಮಾಣದಲ್ಲಿ ಏರಿಸಿ, ಉಳಿದ ಲಾಭಕ್ಕೆ ಶೇ. 20 ತೆರಿಗೆ ಎಂಬುದು ಬಹುಕಾಲದ ಪದ್ಧತಿ. 2024ರ ಜುಲೈ 23ರಿಂದ ಇದು ಬದಲಾಗಿ, ಸೂಚ್ಯಂಕವಿಲ್ಲದೆ ಶೇ. 12.5 ಎಂದಾಯಿತು. ಆ ದಿನಕ್ಕೆ ಮೊದಲು ಕೊಂಡ ಜಮೀನು, ಕಟ್ಟಡಗಳ ವಿಷಯದಲ್ಲಿ ದೇಶದ ನಿವಾಸಿಗಳು ಎರಡೂ ರೀತಿ ಲೆಕ್ಕ ಹಾಕಿ ಕಡಿಮೆ ತೆರಿಗೆಯನ್ನು ಕಟ್ಟಬಹುದು. ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿ ಅನಿವಾಸಿಯಾದ ಅಣ್ಣನ ಪಾಲಿಗೆ ಈ ಆಯ್ಕೆಯಿಲ್ಲ.

ಈಗ ಪೆನ್ಸಿಲು ಹಿಡಿಯಿರಿ. ನಮ್ಮ ಕುಟುಂಬ ಹಾಸನದ ಮನೆಯನ್ನು 2001ರ ಜೂನಿನಲ್ಲಿ 4,00,000 ರೂಪಾಯಿಗೆ ಕೊಂಡು, 2024ರ ಡಿಸೆಂಬರಿನಲ್ಲಿ 30,00,000 ರೂಪಾಯಿಗೆ ಮಾರಿತು ಎಂದಿಟ್ಟುಕೊಳ್ಳಿ. ಸೂಚ್ಯಂಕವಿಲ್ಲದೆ ಲಾಭ 26,00,000, ಶೇ. 12.5ರಂತೆ ತೆರಿಗೆ 3,25,000. ಸೂಚ್ಯಂಕ ಹಿಡಿದರೆ ಕೊಂಡ ಬೆಲೆ 14,52,000, ಲಾಭ 15,48,000, ಶೇ. 20ರಂತೆ ತೆರಿಗೆ 3,09,600. ಕಡಿಮೆಯಾದ 3,09,600 ರೂಪಾಯಿಯನ್ನೇ ಅವರು ಆರಿಸಿಕೊಳ್ಳಬಹುದು. ಇದರ ಮೇಲೆ ಶೇ. 4ರ ಸೆಸ್ ಸೇರುತ್ತದೆ.

ಇನ್ನು ಅಂದು 4,00,000 ಕೊಟ್ಟು, ಪತ್ರದಲ್ಲಿ 1,50,000 ಎಂದಷ್ಟೇ ಬರೆಸಿದ್ದರೆ? ಕಳೆಯಲು ಸಿಗುವುದು ಆ 1,50,000 ಮಾತ್ರ. ಸೂಚ್ಯಂಕವಿಲ್ಲದೆ ತೆರಿಗೆ 3,56,250. ಸೂಚ್ಯಂಕ ಹಿಡಿದರೆ 4,91,100. ಕಡಿಮೆಯದನ್ನು ಆರಿಸಿದರೂ ಪ್ರಾಮಾಣಿಕ ಪತ್ರಕ್ಕಿಂತ 46,650 ರೂಪಾಯಿ ಹೆಚ್ಚು. ಅಂದು ಮಾರಿದವರು ಮುಚ್ಚಿಟ್ಟ ಲಾಭದ ತೆರಿಗೆ ಇಂದು ಈ ಕುಟುಂಬದ ತಲೆಗೆ ಬಂದಿದೆ. ಸುಳ್ಳು ಬೆಲೆ ಬರೆಸಿದಾಗ ಮೋಸಹೋಗುವವರಲ್ಲಿ ಸರ್ಕಾರದ ಜೊತೆಗೆ ಕೊಂಡವರೂ ಅವರ ಮಕ್ಕಳೂ ಸೇರಿದ್ದಾರೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಎರಡನೆಯ ಮನೆ ಮತ್ತು ಕಾಯ್ದೆ

ಬ್ರಿಟನ್ನಿನಲ್ಲಿ ಬಂಡವಾಳ ಲಾಭ ತೆರಿಗೆ ಬಂದದ್ದು ನಮಗಿಂತ ತಡವಾಗಿ, 1965ರಲ್ಲಿ. ಅಲ್ಲಿ ಜನ ತಾವು ವಾಸಿಸುವ ಮುಖ್ಯ ಮನೆಯನ್ನು ಮಾರಿದರೆ ಸಾಮಾನ್ಯವಾಗಿ ತೆರಿಗೆಯಿಲ್ಲ, ಎರಡನೆಯ ಮನೆಗೆ ಇದೆ. ನಮ್ಮ ಕಾಯ್ದೆ ಮೊದಲಿಗೆ ಇದಕ್ಕೆ ಹತ್ತಿರವಾಗಿಯೇ ಇತ್ತು. 54ನೆಯ ಕಲಮಿನ ವಿನಾಯಿತಿ ಪಡೆಯಲು, ಮಾರಿದ ಮನೆಯಲ್ಲಿ ಹಿಂದಿನ ಎರಡು ವರ್ಷ ಮುಖ್ಯವಾಗಿ ಮಾಲೀಕರೋ ಅವರ ತಂದೆತಾಯಿಯೋ ವಾಸಿಸಿರಬೇಕಿತ್ತು. 1982ರ ಹಣಕಾಸು ಕಾಯ್ದೆ ಆ ಷರತ್ತನ್ನು ತೆಗೆದುಹಾಕಿತು. ಅಂದಿನಿಂದ ಮಾರಿದ್ದು ಮೊದಲನೆಯ ಮನೆಯೋ ಎರಡನೆಯದೋ ಎಂದು ಆ ಕಲಮು ಕೇಳುವುದಿಲ್ಲ. ಬಂದ ಲಾಭವನ್ನು ಏನು ಮಾಡಿದಿರಿ ಎಂದು ಕೇಳುತ್ತದೆ.

24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ವಾಸದ ಮನೆಯನ್ನು ಮಾರಿದವರು, ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ತೊಡಗಿಸಿದಷ್ಟು ಲಾಭಕ್ಕೆ ತೆರಿಗೆಯಿಲ್ಲ. ವಿವರಣ ಪಟ್ಟಿ ಸಲ್ಲಿಸುವ ಗಡುವಿನೊಳಗೆ ಹಣ ತೊಡಗಿಸಲು ಆಗದಿದ್ದರೆ, 1988ರ ಯೋಜನೆಯಂತೆ ಬ್ಯಾಂಕಿನಲ್ಲಿ ಬಂಡವಾಳ ಲಾಭದ ಪ್ರತ್ಯೇಕ ಖಾತೆ ತೆರೆದು ಇಡಬೇಕು. ಮನೆ ಬೇಡವೆನ್ನುವವರು ಆರು ತಿಂಗಳೊಳಗೆ ಗೊತ್ತಾದ ಬಾಂಡುಗಳಲ್ಲಿ 50 ಲಕ್ಷದ ವರೆಗೆ ತೊಡಗಿಸಬಹುದು. ಅದು ಐದು ವರ್ಷ ಕೈಗೆ ಬರುವುದಿಲ್ಲ. ನಿವೇಶನ ಮಾರಿದವರಿಗೆ 54-ಎಫ್ ಎಂಬ ಬೇರೆ ಕಲಮಿದೆ. ಅದರಲ್ಲಿ ಲಾಭವನ್ನಷ್ಟೇ ಅಲ್ಲ, ಬಂದ ಹಣವನ್ನೆಲ್ಲ ಮನೆಗೆ ಹಾಕಿದರೆ ಮಾತ್ರ ಪೂರ್ಣ ವಿನಾಯಿತಿ. ಮಾರುವ ದಿನ ಹೊಸ ಮನೆಯ ಹೊರತಾಗಿ ಒಂದಕ್ಕಿಂತ ಹೆಚ್ಚು ವಾಸದ ಮನೆ ಇರಬಾರದು.

ಮಗಳ ಕಾಲೇಜಿಗೆ, ಆಸ್ಪತ್ರೆಗೆ ಖರ್ಚು ಮಾಡಿದ ಹಣಕ್ಕೆ ಇಂತಹ ವಿನಾಯಿತಿಯಿಲ್ಲ. ಇದು ಕಠೋರವೆನಿಸಬಹುದು. ಮನೆ ಮಾರಿ ಮನೆ ಕೊಂಡವರಿಗೆ ಸಿಗುವ ಸಮಾಧಾನ, ಮನೆ ಮಾರಿ ಮಗಳನ್ನು ಓದಿಸಿದವರಿಗೆ ಏಕಿಲ್ಲ ಎಂಬುದು ನಿಮ್ಮ ತರಗತಿಯಲ್ಲಿ ಚರ್ಚಿಸಲು ತಕ್ಕ ಪ್ರಶ್ನೆ.

ಘೋಷಣೆ ಎಂಬ ಕರ್ತವ್ಯ

ತೆರಿಗೆ ಬರಲಿ, ವಿನಾಯಿತಿಯಿಂದ ಬಾರದಿರಲಿ, ಇಂತಹ ಮಾರಾಟವನ್ನು ಆ ವರ್ಷದ ವರಮಾನದ ವಿವರಣ ಪಟ್ಟಿಯಲ್ಲಿ ಘೋಷಿಸುವುದೇ ಸರಿಯಾದ ದಾರಿ. ಸಂಬಳದವರ ಸರಳ ನಮೂನೆ ಇದಕ್ಕೆ ಸಾಲದು. ವ್ಯಾಪಾರವಿಲ್ಲದವರು ಬಂಡವಾಳ ಲಾಭದ ಪಟ್ಟಿಯಿರುವ ಎರಡನೆಯ ನಮೂನೆಯನ್ನು ತುಂಬಬೇಕಾಗುತ್ತದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಮಾರಿದ್ದರೆ ಒಬ್ಬೊಬ್ಬರೂ ತಮ್ಮ ಪಾಲನ್ನು ತಾವೇ ತೋರಿಸಬೇಕು.

ಹೇಳದಿದ್ದರೆ ಗೊತ್ತಾಗುವುದಿಲ್ಲ ಎಂಬ ಕಾಲ ಮುಗಿದಿದೆ. ಗೊತ್ತುಮಾಡಿದ ಮೊತ್ತ ಮತ್ತು ಅದಕ್ಕಿಂತ ಹೆಚ್ಚಿನ ಸ್ಥಿರಾಸ್ತಿ ವಹಿವಾಟನ್ನು ಸಬ್‌ರಿಜಿಸ್ಟ್ರಾರ್ ಕಚೇರಿ ವರಮಾನ ತೆರಿಗೆ ಇಲಾಖೆಗೆ ತಿಳಿಸಬೇಕು. 50 ಲಕ್ಷ ಮುಟ್ಟಿದರೆ, ಹಳ್ಳಿಯ ಕೃಷಿ ಜಮೀನಿನ ಹೊರತಾಗಿ, ಕೊಳ್ಳುವವರೇ ಶೇ. 1ನ್ನು ಮುರಿದುಕೊಂಡು ಇಲಾಖೆಗೆ ಕಟ್ಟಬೇಕೆಂಬ ನಿಯಮ 2013ರ ಜೂನಿನಿಂದ ಇದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ವರಮಾನ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಇಲ್ಲಿ ಹೇಳಿದ ಮೂಲ ತತ್ತ್ವಗಳು ಅದರಲ್ಲಿಯೂ ಇವೆ.

ಕೊನೆಗೆ ಕಾಲ್ಡಾರ್ ಎತ್ತಿದ ಪ್ರಶ್ನೆಗೆ ಬರೋಣ. ಹಾಸನದ ಒಂದು ಸಣ್ಣ ಮನೆಯ ಬೆಲೆ ಏಕೆ ಏರಿತು? ಗೋಡೆ ಹಳೆಯದಾಯಿತು, ಹೆಂಚು ಒಡೆಯಿತು. ಆದರೂ ಏರಿತು. ಸುತ್ತಲಿನ ಊರು ಬೆಳೆಯಿತು. 1982ರಲ್ಲಿ ಉಪಗ್ರಹಗಳ ನಿಯಂತ್ರಣ ಕೇಂದ್ರ ಬಂತು. 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಓಡಿತು. ಇವು ಸಾರ್ವಜನಿಕರ ಹಣದಿಂದ ಆದವು. ಆ ಏರಿಕೆಯಲ್ಲಿ ಸಾರ್ವಜನಿಕರಿಗೂ ಒಂದು ಪಾಲಿದೆ ಎಂಬುದು ತೆರಿಗೆಯ ಪರವಾದ ವಾದ. ಬರೀ ಹಣದುಬ್ಬರವನ್ನು ಲಾಭವೆನ್ನಬೇಡಿ, ಬಾರದ ಹಣಕ್ಕೆ ತೆರಿಗೆ ಕೇಳಬೇಡಿ ಎಂಬುದು ಪ್ರಜೆಯ ವಾದ. 1947ರಿಂದ ಇಲ್ಲಿಯವರೆಗಿನ ತೀರ್ಪುಗಳು, ತಿದ್ದುಪಡಿಗಳೆಲ್ಲ ಈ ಎರಡು ವಾದಗಳ ನಡುವಿನ ಹಗ್ಗಜಗ್ಗಾಟವೇ. ಪತ್ರದಲ್ಲಿ ನಿಜವಾದ ಬೆಲೆ ಇದ್ದರೆ ಮಾತ್ರ ಎರಡೂ ಕಡೆಗೆ ನ್ಯಾಯ ಸಿಕ್ಕೀತು.

ಕಿರುತೆರೆಯಲ್ಲಿ ಈ ಮಾತುಕತೆಯನ್ನು ನೋಡಿದವರಿಗೂ ಇಲ್ಲಿ ಓದಿದವರಿಗೂ ಒಂದು ಕೆಲಸ. ಹಿರಿಯರ ಅನುಮತಿ ಪಡೆದು ನಿಮ್ಮ ಮನೆಯ ಕ್ರಯಪತ್ರವನ್ನು ಓದಿರಿ. ಕೊಂಡ ತಾರೀಖು, ಬರೆದ ಬೆಲೆ, ಕಟ್ಟಿದ ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಆಮೇಲೆ ಕಟ್ಟಿಸಿದ ಕೋಣೆ ಅಥವಾ ಮಹಡಿಯ ಖರ್ಚು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ರಸೀದಿಗಳನ್ನು ಜೊತೆಗೆ ಸೇರಿಸಿ, ಪತ್ರದೊಂದಿಗೆ ಇಡಿರಿ. ಈ ಖರ್ಚುಗಳೂ ಲಾಭದಿಂದ ಕಳೆಯಲು ಬರುತ್ತವೆ. ಇಪ್ಪತ್ತು ವರ್ಷಗಳ ನಂತರ ಲೆಕ್ಕ ಹಾಕಬೇಕಾದವರಿಗೆ ಆ ಹಾಳೆ ಬೇಕಾಗುತ್ತದೆ. ಹಾಗೆ ಲೆಕ್ಕ ಹಾಕುವವರು ಬಹುಶಃ ನೀವೇ ಆಗಿರುತ್ತೀರಿ.